ಕೋದಂಡಪ್ಪನ ತಪಾಸಣೆ

ಕೋದಂಡಪ್ಪ ಬಲೆಯ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಎಳೆದ, ಉದ್ದುದ್ದ ಎಳೆದ, ಕಿಟಕಿಯ ಬೆಳಕಿಗೆ ಒಡ್ಡಿ ಒಂದು ಕಣ್ಣು ಮುಚ್ಚಿ ನೋಡಿದ. ಕೊನೆಗೆ ಮೂಸಿದ.

"ಸೊಳ್ಳೆ ಪರದೆ ಇದ್ದಂಗೈತೆ."

"ತಡೆಯೋದು ಸೊಳ್ಳೇನಲ್ಲ ಯಜಮಾನ್ರೇ, ಕರುಳನ್ನ" ಎಂದರು ಡಾಕ್ಟರ್ ಸುಧಾಕರ್. "ತೊಡೆಸಂದಿನ ಹತ್ರ ನಿಮ್ಮ ಹೊಟ್ಟೆ ಗೋಡೆ ತೂತಾಗಿದೆ. ಅದರ ಮೇಲೆ ಇದನ್ನಿಟ್ಟು ಹೊಲೀತೀವಿ. ಆಮೇಲೆ ನಿಮ್ಮ ಮಾಂಸವೇ ಇದರೊಳಗೆ ಬೆಳೆದು ಒಂದಾಗತ್ತೆ."

"ಬಂಗಾರದ್ದಾ?"

"ಪ್ಲಾಸ್ಟಿಕ್."

"ಇಪ್ಪತ್ತು ವರ್ಸ ಕೋರಮಂಡಲ್ ಗಣಿ ಒಳಗೆ ಬಂಗಾರ ಅಗದವನಿಗೆ ಪ್ಲಾಸ್ಟಿಕ್ಕಾ!"

"ಸುಮ್ಕಿರಯ್ಯ" ಎಂದು ಹೆಂಡತಿ ಅನಸೂಯಮ್ಮ ಮೊಣಕೈಯಿಂದ ತಿವಿದಳು. ಬಂಗಾರಪೇಟೆಯ ಆ ಸಣ್ಣ ನರ್ಸಿಂಗ್ ಹೋಮಿಗೆ ಗಂಡನನ್ನು ಎಳೆದು ತರುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ನಿಂಬೆಹಣ್ಣಿನಷ್ಟಿದ್ದ ಗಂಟು ಆರು ವರ್ಷದಲ್ಲಿ ಮೂಸಂಬಿಯಷ್ಟಾಗಿತ್ತು. ಹೋದ ವಾರ ಹಸುವಿಗೆ ಹುಲ್ಲಿನ ಹೊರೆ ಎತ್ತುವಾಗ ಆಚೆ ಬಂದದ್ದು ಒಳಗೆ ಹೋಗದೆ ಅರ್ಧ ದಿನ ಒದ್ದಾಡಿಸಿತ್ತು. ಇನ್ನೊಮ್ಮೆ ಹಾಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರೂ ಅವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿರಲಿಲ್ಲ. ಹಿಂದೆ ಅವನ ಅಣ್ಣನಿಗೆ ಇಂಥದೇ ಗಂಟಿಗೆ ಬರೀ ಹೊಲಿಗೆ ಹಾಕಿ ಕಳಿಸಿದ್ದರು. ವರ್ಷದೊಳಗೆ ಹೊಲಿಗೆ ಬಿಟ್ಟು ಗಂಟು ಮತ್ತೆ ಹಾಜರಾಗಿತ್ತು.

"ಒಂದ್ ಮಾತು ಕೇಳ್ತೀನಿ ಸಾರ್. ತೂತು ಎಷ್ಟಗಲ? ಬಲೆ ಎಷ್ಟಗಲ?"

"ತೂತು ಎರಡು ಬೆರಳು. ಬಲೆ ಅಂಗೈಯಷ್ಟು."

"ಅಷ್ಟು ದೊಡ್ಡದ್ಯಾಕೆ ಆಕ್ತೀರ?"

"ತೂತಿನ ಅಂಚು ಸವೆದಿರತ್ತೆ. ಅಲ್ಲೇ ಹೊಲಿದ್ರೆ ಹರಿಯತ್ತೆ. ಗಟ್ಟಿ ಜಾಗ ಸಿಗೋವರೆಗೂ ಹೋಗಿ ಹೊಲೀಬೇಕು."

ಕೋದಂಡಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಅನಸೂಯಾ, ಕೇಳಿಸ್ತಾ? ಗಣಿ ಒಳಗೆ ತಲೆ ಮೇಲಿನ ಬಂಡೆ ಬಿರುಕು ಬಿಟ್ರೆ ನಾವು ಕಬ್ಬಿಣದ ಬಲೆ ಬಿಗೀತಿದ್ವಲ್ಲ, ಆವಾಗ ನಮ್ ತಮಿಳು ಮೇಸ್ತ್ರಿ…" ಕೆನ್ನೆ ಉಬ್ಬಿಸಿ, ಕಣ್ಣು ಕೆಕ್ಕರಿಸಿ, ಗಂಟಲನ್ನೇ ಬದಲಾಯಿಸಿಕೊಂಡ. "ಡೇಯ್! ಗಟ್ಟಿ ಕಲ್ಲು ಎಂಗೇಡಾ? ತಟ್ಟಿ ಪಾರುಡಾ!" ಫೈಲು ಹಿಡಿದು ನಿಂತಿದ್ದ ನರ್ಸ್ ಕಲ್ಪನ ಬೆಚ್ಚಿ ಬಾಗಿಲ ಕಡೆ ನೋಡಿದಳು. "ಗಟ್ಟಿ ಬಂಡೆ ಸಿಗೋಗಂಟ ತಟ್ಟಿ ನೋಡಿ, ಅಲ್ಲಿಗೇ ಬೋಲ್ಟ್ ಒಡೀಬೇಕು. ಬಿರುಕಿನ ಪಕ್ಕಕ್ಕೆ ಒಡದ್ರೆ ಬಲೆ ಸಮೇತ ತಲೆ ಮೇಲೆ! ನಿಮಗ್ಯಾರು ಸಾರ್ ಇದನ್ನ ಕಲ್ಸಿದ್ದು?"

"ಮೆಡಿಕಲ್ ಕಾಲೇಜಲ್ಲಿ ಒಬ್ಬರು ಮೇಷ್ಟ್ರು."

"ಗಣಿ ಕಂಡವನೇ ಇರ್ಬೇಕು" ಎನ್ನುತ್ತಾ ಕೋದಂಡಪ್ಪ ಪೆನ್ನಿಗೆ ಕೈ ಚಾಚಿದ.

ಮರುದಿನ ಬೆಳಗ್ಗೆ ಅವನನ್ನು ಟೇಬಲ್ ಮೇಲೆ ಮಲಗಿಸಿ, ಎರಡೂ ಕೈಗಳನ್ನು ಅಕ್ಕಪಕ್ಕದ ಹಲಗೆಗಳಿಗೆ ಪಟ್ಟಿಯಿಂದ ಕಟ್ಟಿದರು. ಗಣಿಯ ಧೂಳು ಕುಡಿದ ಎದೆ, ಪೂರ್ತಿ ಎಚ್ಚರ ತಪ್ಪಿಸುವುದು ಬೇಡವೆಂದು ಆ ಜಾಗವನ್ನಷ್ಟೇ ಮರಗಟ್ಟಿಸಿದ್ದರು. ಹಾಗಾಗಿ ಹಸಿರು ಪರದೆಯ ಈಚೆಗೆ ಉಸ್ತುವಾರಿ ನಡೆದೇ ಇತ್ತು.

"ಬಲೆ ಅಂಚು ಮಡಚ್ಕೊಂಡಿಲ್ಲ ತಾನೆ ಸಾರ್?"

"ಇಲ್ಲ."

"ಬಿರ್ರನೆ ಬಿಗೀಬೇಡಿ. ಒಸಿ ಸಡಿಲ ಇರ್ಲಿ."

"ತಾತಾ, ನೀವು ಮಾತಾಡಿದ್ರೆ ಹೊಟ್ಟೆ ಅಲ್ಲಾಡತ್ತೆ" ಎಂದಳು ಕಲ್ಪನ.

ಸ್ವಲ್ಪ ಹೊತ್ತಿಗೆ ಡಾಕ್ಟರು ಕೈ ನಿಲ್ಲಿಸಿದರು. "ಬಲೆ ಕೂತಿದೆ. ಮುಚ್ಚೋ ಮುಂಚೆ ಪರೀಕ್ಷೆ ಮಾಡೋಣ. ಜೋರಾಗಿ ಕೆಮ್ಮಿ."

ಪರದೆಯ ಈಚೆ ಹಲಗೆಗೆ ಕಟ್ಟಿದ್ದ ಬಲಗೈ ತಾನಾಗಿ ಹೊಟ್ಟೆಯ ಕಡೆಗೆ ಎಳೆಯಿತು. ಗಂಟು ಬಂದಾಗಿನಿಂದ ಅವನು ಒಂದು ಕೆಮ್ಮನ್ನೂ ಪೂರ್ತಿ ಕೆಮ್ಮಿರಲಿಲ್ಲ. ಕೆಮ್ಮು ಬಂದರೆ ಅಲ್ಲಿ ಅಂಗೈ ಒತ್ತಿ, ಅರ್ಧ ಬಿಟ್ಟು ಅರ್ಧ ನುಂಗುತ್ತಿದ್ದ.

"ಕೈ ಬಿಚ್ಚಿ ಸಾರ್. ಇಡ್ಕೋಬೇಕು, ಆಚೆ ಬಂದ್ಬಿಡ್ತದೆ."

"ಹಿಡ್ಕೊಳ್ಳೋ ಕೆಲಸ ಇನ್ನು ಮೇಲೆ ನಿಮ್ಮದಲ್ಲ. ಕೆಮ್ಮಿ."

ಕೋದಂಡಪ್ಪ ಕಣ್ಣು ಮುಚ್ಚಿ, ಮೂಗಿನಲ್ಲೇ ಒಂಚೂರು ಕೆಮ್ಮಿದ.

"ಇದೇನು, ಆಡಿನ ಮರಿ ಕೆಮ್ಮಿದ ಹಾಗೆ! ಜೋರಾಗಿ."

ಅವನು ಎದೆಯ ತಳದಿಂದ ಕೆಮ್ಮಿದ. ಟ್ರೇಯಲ್ಲಿದ್ದ ಕತ್ತರಿಗಳು ಸದ್ದು ಮಾಡಿದವು. ಡಾಕ್ಟರು ಬಗ್ಗಿ ನೋಡಿ "ಜಗ್ಗಿಲ್ಲ!" ಎಂದರು.

ಕೋದಂಡಪ್ಪ ಕಣ್ಣು ಬಿಟ್ಟ. ಮತ್ತೊಮ್ಮೆ ಕೆಮ್ಮಿದ. ಯಾರೂ ಹೇಳದೆಯೇ ಇನ್ನೊಮ್ಮೆ, ಇನ್ನೂ ಜೋರಾಗಿ. ಹೊರಗೆ ಬೆಂಚಿನ ಮೇಲಿದ್ದ ಅನಸೂಯಮ್ಮ ಎದ್ದು ನಿಂತಳು.

"ಸಾಕು ಯಜಮಾನ್ರೇ, ಸಾಕು! ಗಟ್ಟಿಯಾಗಿದೆ ಅಂತ ಗೊತ್ತಾಯ್ತು."

"ನಿಮಗೆ ಗೊತ್ತಾಯ್ತು" ಎಂದ ಕೋದಂಡಪ್ಪ, ಕಣ್ಣಲ್ಲಿ ನೀರು ತುಂಬಿಕೊಂಡು, ಮುಖ ತುಂಬ ನಗುತ್ತಾ. "ಒಸಿ ಇರಿ ಸಾರ್, ನಂದು ಆರು ವರ್ಸದ್ ಕೆಮ್ಮು ಒಳಗೇ ಐತೆ."