ಬಾಡಿಗೆ ಅಕ್ಕ

ಇದನ್ನು ಓದುವಾಗ ನಿಮಗೆ ನಿಮ್ಮ ಅಕ್ಕನ ನೆನಪಾದರೆ ನನ್ನನ್ನು ಬೈಯಬೇಡಿ... ಓದಿ ಮುಗಿಸಿ ಅವಳಿಗೊಂದು ಫೋನ್ ಮಾಡಿ, ಸಾಕು.

ಮೈಸೂರಿನ ಒಂದು ಸಣ್ಣ ಗಲ್ಲಿಯಲ್ಲಿ ಮೂವರು ಒಡಹುಟ್ಟಿದವರಿದ್ದರು. ಅಕ್ಕ ವನಜಾಕ್ಷಿ, ನಡುವೆ ದಯಾನಂದ, ಕೊನೆಯವಳು ತುಳಸಿ.

ಅಪ್ಪ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ಊದುತ್ತಿದ್ದವರು. ಆ ಗದ್ದಲದಲ್ಲಿ "ಶುರು ಮಾಡ್ರೋ" ಅಂದರೆ ಯಾರಿಗೆ ಕೇಳಿಸಬೇಕು? ಹಿಂದಿನವನು ಮುಂದಿನವನ ಬೆನ್ನಿಗೆ ಒಮ್ಮೆ ತಟ್ಟುತ್ತಿದ್ದ... ಹಾಡು ಶುರು!

ಅಪ್ಪ ತೀರಿಕೊಂಡ ಮೇಲೆ ವನಜಾಕ್ಷಿ ತಮ್ಮ, ತಂಗಿಗೆ ಹಾಡು ಕಲಿಸಿದ್ದೂ ಹಾಗೆಯೇ. ತಾನು ಹಿಂದೆ ನಿಂತು ತುಳಸಿಯ ಬೆನ್ನಿಗೆ ಮೆತ್ತಗೆ ತಟ್ಟುತ್ತಿದ್ದಳು. ಆ ಕೈ ಬೀಳದೆ ತುಳಸಿ ಬಾಯಿ ತೆರೆಯುತ್ತಿರಲಿಲ್ಲ.

ಒಂದು ಭಾನುವಾರ ಮೂವರೂ ಅವರೆಕಾಳು ಹಿತುಕುತ್ತಾ ಅಡುಗೆಮನೆಯಲ್ಲಿ ಹಾಡುತ್ತಿದ್ದರು. ದಯಾನಂದ ಅದನ್ನು ಫೋನಿನಲ್ಲಿ ಹಿಡಿದು ಸುಮ್ಮನೆ ಇಂಟರ್ನೆಟ್ಟಿಗೆ ಹಾಕಿದ...

ಅಬ್ಬಬ್ಬಾ! ಲಕ್ಷಗಟ್ಟಲೆ ಜನ ನೋಡಿದರು. ಗಣೇಶನ ಪೆಂಡಾಲಿಗೆ ಕರೆ ಬಂತು, ಕಾಲೇಜ್ ಫೆಸ್ಟಿಗೆ ಕರೆ ಬಂತು. "ಮನೆಮಂದಿ" ಅಂತ ಗುಂಪಿಗೆ ಹೆಸರಿಟ್ಟುಕೊಂಡರು. ಕೊನೆಗೆ ಬೆಂಗಳೂರಿನ ಮ್ಯೂಸಿಕ್ ಕಂಪನಿಯೊಂದು ಮನೆ ಬಾಗಿಲಿಗೇ ಬಂತು.

ಕಂಪನಿಯ ಮ್ಯಾನೇಜರ್ ನಯವಾಗಿಯೇ ಹೇಳಿದ. "ತುಳಸಿ ಅವ್ರೇ, ನಿಮ್ಮಕ್ಕನ ವಾಯ್ಸ್ ಅಪ್ಪಟ ಚಿನ್ನ. ಆದ್ರೆ ನೋಡಿ... ಸ್ವಲ್ಪ ವಯಸ್ಸಾದೋರ ಥರ ಕಾಣ್ತಾರೆ. ಅವರ ವಾಯ್ಸ್ ರೆಕಾರ್ಡ್ ಮಾಡ್ಕೊಳ್ಳೋಣ. ಸ್ಟೇಜ್ ಮೇಲೆ ಬೇರೆ ಹುಡುಗೀನ ನಿಲ್ಸಿ, ಇವ್ರೇ ಅಕ್ಕ ಅನ್ನೋಣ. ಹಳೇ ವಿಡಿಯೋ ಎಲ್ಲಾ ತೆಗ್ಸಿಬಿಡೋಣ, ಆಮೇಲ್ ಯಾರಿಗ್ ಗೊತ್ತಾಗುತ್ತೆ?"

ಎಂಥಾ ಮಾತು ನೋಡಿ... ಮನೆಮಂದಿಗೇ ಬಾಡಿಗೆ ಅಕ್ಕ!

"ಆಗಲ್ಲ ಸಾರ್" ಅನ್ನಬೇಕಿತ್ತು ತುಳಸಿ. ಅಷ್ಟೇ ಸಾಕಿತ್ತು. ಆದರೆ ಅವಳ ಕಣ್ಣ ಮುಂದೆ ದೊಡ್ಡ ದೊಡ್ಡ ಸ್ಟೇಜುಗಳು ಕುಣಿಯುತ್ತಿದ್ದವು... ದಯಾನಂದ ತಲೆ ತಗ್ಗಿಸಿ ಕೂತಿದ್ದ.

ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ವನಜಾಕ್ಷಿಯೇ ನಕ್ಕುಬಿಟ್ಟಳು. "ಅಯ್ಯೋ, ನಂಗೂ ಓಡಾಡಿ ಸಾಕಾಗಿದೆ ಕಣೇ. ಅಮ್ಮನ ಮಂಡಿ ನೋವು ಬೇರೆ. ನೀವ್ ಹೋಗಿ, ಮನೆ ನಾನ್ ನೋಡ್ಕೋತೀನಿ."

ಆಮೇಲೆ ಕೇಳಬೇಕೇ? ಟಿವಿ, ಮಾಲ್, ದುಬೈ... ಎಲ್ಲೆಲ್ಲೂ ಮನೆಮಂದಿಯದೇ ಹವಾ! ಅಕ್ಕನ ಜಾಗದಲ್ಲಿ ರಿಯಾ ಎಂಬ ಚೆಂದದ ಹುಡುಗಿ ನಿಂತು ತುಟಿ ಆಡಿಸುತ್ತಿದ್ದಳು. ಸ್ಪೀಕರಿನಲ್ಲಿ ಬರುತ್ತಿದ್ದದ್ದು ವನಜಾಕ್ಷಿಯ ಧ್ವನಿ.

ಬೆನ್ನು ತಟ್ಟುವವರು ಯಾರೂ ಬೇಕಿರಲಿಲ್ಲ. ಹಾಡು ಯಾವಾಗ ಶುರು ಮಾಡಬೇಕೆಂದು ಕಿವಿಯ ಇಯರ್‌ಫೋನೇ ಹೇಳುತ್ತಿತ್ತು.

ಒಮ್ಮೆ ಮೈಸೂರಿನಲ್ಲೇ ಪ್ರೋಗ್ರಾಂ. ತಂಗಿಯ ಗಂಟಲು ಕಟ್ಟಿದೆಯೆಂದು ಕೇಳಿ ವನಜಾಕ್ಷಿ ಫ್ಲಾಸ್ಕಿನಲ್ಲಿ ಮೆಣಸಿನ ಕಷಾಯ ತುಂಬಿಕೊಂಡು ಗ್ರೀನ್ ರೂಮಿಗೆ ಓಡಿಬಂದಳು. ಸೆಲ್ಫಿಗೆಂದು ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು, "ಇವ್ರು ಯಾರು ಮೇಡಂ?"

ತುಳಸಿ ತಬ್ಬಿಬ್ಬಾದಳು. ಪಕ್ಕದಲ್ಲೇ ಮ್ಯಾನೇಜರ್ ಹೇಳಬೇಡ ಎಂಬಂತೆ ಕಣ್ಣು ಬಿಡುತ್ತಿದ್ದ...

"ನಾನ್ ಇವ್ರ ಪಕ್ಕದ್ಮನೆಯೋಳು ಕಣಮ್ಮ," ಅಂದಳು ವನಜಾಕ್ಷಿ. "ಚಿಕ್ಕೋರಿದ್ದಾಗಿಂದ ನೋಡಿದೀನಿ."

ತುಳಸಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮುಂದಿನ ಸಲ ಎಲ್ಲರ ಮುಂದೆ ಹೇಳಿಯೇ ಬಿಡುತ್ತೇನೆ ಅಂದುಕೊಂಡು ಕಷಾಯ ಕುಡಿದಳು.

ಆ ಮುಂದಿನ ಸಲ ಬರಲೇ ಇಲ್ಲ... ಮಳೆಗಾಲದಲ್ಲಿ ಡೆಂಗ್ಯೂ ಜ್ವರ ಬಂದು, ವಾರ ತುಂಬುವುದರೊಳಗೆ ವನಜಾಕ್ಷಿ ಹೊರಟುಹೋದಳು.

ಮಣ್ಣು ಮಾಡಿ ಬಂದ ಮರುದಿನವೇ ದಾವಣಗೆರೆಯಲ್ಲಿ ದೊಡ್ಡ ಪ್ರೋಗ್ರಾಂ. "ಕ್ಯಾನ್ಸಲ್ ಮಾಡಿ ಸಾರ್, ನನ್ನ ಕೈಲಾಗಲ್ಲ," ಅಂತ ತುಳಸಿ ಬಿಕ್ಕಿದಳು.

"ಏನಂತ ಹೇಳಿ ಕ್ಯಾನ್ಸಲ್ ಮಾಡ್ಲಮ್ಮ?" ಅಂದ ಮ್ಯಾನೇಜರ್. "ಅಕ್ಕ ತೀರ್ಕೊಂಡ್ರು ಅನ್ಲಾ? ಅಕ್ಕ ಸ್ಟೇಜ್ ಮೇಲೇ ಇರ್ತಾರಲ್ಲ!"

ಹೆತ್ತ ತಾಯಿಯ ಹಾಗೆ ಸಾಕಿದ ಅಕ್ಕ... ಅವಳಿಗಾಗಿ ನಾಲ್ಕು ಜನರ ಎದುರು ಅಳುವ ಹಾಗೂ ಇರಲಿಲ್ಲ.

ಸ್ಟೇಜ್ ಮೇಲೆ ಲೈಟು ಹತ್ತಿತು. ಜನ ಕೇಕೆ ಹಾಕಿದರು. ಸ್ಪೀಕರಿನಿಂದ ವನಜಾಕ್ಷಿಯ ಆಲಾಪ ತೇಲಿ ಬಂತು...

ತುಳಸಿ ಹಾಡಬೇಕಾದ ಸಾಲು ಬಂತು. ಇಯರ್‌ಫೋನ್ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಅವಳು ಹಾಡಲಿಲ್ಲ... ಅವಳ ಬೆನ್ನು ಆ ಕೈಗಾಗಿ ಕಾಯುತ್ತಿತ್ತು.

"ಟ್ರ್ಯಾಕ್ ನಿಲ್ಸಿ..." ಅಂದಳು ಮೈಕಿನಲ್ಲಿ. "ಈಗ ನೀವು ಕೇಳಿದ್ದು ನಮ್ಮಕ್ಕನ ಧ್ವನಿ. ಹೆಸರು ವನಜಾಕ್ಷಿ. ಇಲ್ಲಿ ನಿಂತಿರೋರು ನಮ್ಮಕ್ಕ ಅಲ್ಲ. ನಮ್ಮಕ್ಕನ್ನ ನಿನ್ನೆ ಮಣ್ಣು ಮಾಡಿ ಬಂದ್ವಿ... ಬದುಕಿದ್ದಾಗ ಅವಳನ್ನ ಅಕ್ಕ ಅಂತ ಹೇಳೋ ಧೈರ್ಯ ನಂಗೆ ಬರ್ಲಿಲ್ಲ."

ದಯಾನಂದ ಅಲ್ಲೇ ಕುಸಿದು ಕೂತು ಮಗುವಿನಂತೆ ಅತ್ತ.

ಚಪ್ಪಾಳೆ ಬಿತ್ತು ಅಂದುಕೊಂಡಿರಾ? ಇಲ್ಲ. ಮೋಸಗಾರರು ಅಂತ ಜನ ಬೈದರು. ಕಂಪನಿ ಕೈ ಬಿಟ್ಟಿತು. ಮನೆಮಂದಿ ಅಲ್ಲಿಗೇ ಮುಗಿಯಿತು.

ಮನೆಗೆ ಬಂದ ತುಳಸಿ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು. "ಅಮ್ಮಾ, ಅಕ್ಕ ನನ್ ಮೇಲೆ ಕೋಪ ಮಾಡ್ಕೊಂಡೇ ಹೋದ್ಲಾ?"

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೋಪಾನಾ? ನಿಮ್ ಪ್ರೋಗ್ರಾಂ ಬಂದಾಗೆಲ್ಲ ಫೋನ್ ಕೈಲಿ ಹಿಡ್ಕೊಂಡು ಕೂರೋಳು ಕಣವ್ವ. ನೀನು ಹಾಡು ಶುರು ಮಾಡೋಕೆ ಮುಂಚೆ, ಆ ಫೋನಿನ ಬೆನ್ನಿಗೆ ಮೆತ್ತಗೆ ತಟ್ಟೋಳು... ಒಂದ್ ಹಾಡಿಗೂ ತಪ್ಪಿಸ್ತಿರ್ಲಿಲ್ಲ."

✦

"ಇವರು ನಮ್ಮವರು" ಎಂಬ ಮಾತನ್ನು ಅವರ ಕಿವಿಗೆ ಬೀಳುವಾಗಲೇ ಹೇಳಿಬಿಡಬೇಕು.

ನಿಮ್ಮನ್ನು ಮುಂದೆ ನಿಲ್ಲಿಸಿ ತಾನು ಹಿಂದೆಯೇ ಉಳಿದ ಜೀವ ಯಾವುದು...? ಅವರ ಹೆಸರನ್ನು ನಾಲ್ಕು ಜನರ ಮುಂದೆ ಯಾವತ್ತಾದರೂ ಹೇಳಿದ್ದೀರಾ?