ಮುಳುಗುದೋಣಿಯ ಮೊದಲ ಸವಾರಿ

ಮುಳುಗುದೋಣಿಯ ಗಾಜನ್ನು ಯಾರೋ ಒಡೆದಿದ್ದರು. ಇದು ಎರಡನೆಯ ಸಲ.

ಗುಂಡ್ಲುಪೇಟೆಯ ಮರಿಮಲ್ಲಪ್ಪ ಕೆರೆಯ ಏರಿಯ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. "ಗಾಜಿನ ಮ್ಯಾಲೆ ಯಾಕ್ರಲಾ ಸಿಟ್ಟು? ನನ್ನ ಮ್ಯಾಲಿದ್ರೆ ನನ್ಗೇ ಒಡೀರಿ" ಎಂದ. ಅವನೇ ಇನ್ನೊಂದು ಗಾಜು ತಂದು ಕೂರಿಸಿದ.

ಅವನು ಹತ್ತು ವರ್ಷ ಬೊಂಬಾಯಿಯ ಹಡಗುಕಟ್ಟೆಯಲ್ಲಿ ದುಡಿದು ಬಂದವನು. ಎರಡು ಹಳೆಯ ಬಾಯ್ಲರು ಬೆಸೆದು ದೋಣಿ ಮಾಡಿದ್ದ. ಹೊಟ್ಟೆಗೆ ನೀರು ಬಿಟ್ಟರೆ ಮುಳುಗುತ್ತದೆ, ಕೈಪಂಪಿನಿಂದ ಹೊರದೂಡಿದರೆ ಏಳುತ್ತದೆ. ಐದು ವರ್ಷದ ಹಿಂದೆ ಏರಿ ಎತ್ತರಿಸಿದಾಗ ಹಳೆಯ ಊರು ಈ ಕೆರೆಯಲ್ಲಿ ಮುಳುಗಿತ್ತು. ಅದರ ನಡುವೆ ಅಮ್ಮನ ಕಲ್ಲುಗುಡಿ. ಊಟಿಗೆ ಹೋಗುವ ಕಾರಿನವರು ಗೋಪಾಲಸ್ವಾಮಿ ಬೆಟ್ಟ ಹತ್ತುತ್ತಾರೆ. ನೀರೊಳಗಿನ ಗುಡಿ ನೋಡಲು ಬಾರದೆ ಇರುತ್ತಾರೆಯೇ?

ಊರು ಒಂದು ಷರತ್ತು ಹಾಕಿತು. ಅಮ್ಮನ ಗುಡಿಯನ್ನು ಮೊದಲು ಪೂಜಾರಿ ಮನೆಯವರು ನೋಡಬೇಕು. ಆಮೇಲೆ ಉಳಿದವರು.

ಪೂಜಾರಿ ಮನೆಯಲ್ಲಿದ್ದವರು ಮೂವರು: ಮುದುಕಿ ಗುರುಸಿದ್ದಮ್ಮ, ಕಿರಿಯ ಮಗ ಮಾರಯ್ಯ, ಹಿರಿಯ ಸೊಸೆ ರಾಚಮ್ಮ. ರಾಚಮ್ಮನ ಗಂಡ ರಂಗನಾಯಕ, ಕೆರೆ ತುಂಬಿದ ದಿನ, ಅಮ್ಮನ ಬೆಳ್ಳಿ ಮುಖವಾಡ ತರುತ್ತೇನೆಂದು ಗುಡಿಯೊಳಕ್ಕೆ ಹೋದವನು ಬರಲಿಲ್ಲ. ಹೆಣ ತೇಲಲಿಲ್ಲ. "ಅಮ್ಮ ಅವನ್ನ ತನ್ನ ತಾವೇ ಮಡಿಕಂಡ್ಳು" ಎಂದ ಗುರುಸಿದ್ದಮ್ಮ, ಮೂರನೆಯ ದಿನ ಸೊಸೆಯ ಬಳೆ ಒಡೆಸಿದಳು. ರಾಚಮ್ಮನಿಗೆ ಆಗ ಹತ್ತೊಂಬತ್ತು.

ಆ ದಿನ ಅಣ್ಣನ ಹಿಂದೆ ಹೋದವನು ಮಾರಯ್ಯ. ಮರಳಿದವನೂ ಅವನೊಬ್ಬನೇ. ಜಮೀನು ಈಗ ಅವನ ಕೈಯಲ್ಲಿದೆ.

ರಾಚಮ್ಮ ಮಾತಾಡುವವಳಲ್ಲ. ನೋಡುವವಳು. ತಿಂಗಳಿಗೊಮ್ಮೆ ಮಾರಯ್ಯ ತಾಳವಾಡಿ ಸಂತೆಗೆ ಹೋಗುತ್ತಿದ್ದ. ಅಲ್ಲಿರುವ ತನ್ನ ತಂಗಿಗೆಂದು ಮುದುಕಿ ರಾಗಿಹಿಟ್ಟು, ಹುಚ್ಚೆಳ್ಳಿನ ಪುಡಿ ಕಟ್ಟಿಕೊಡುತ್ತಿದ್ದಳು. ಅವನು ಬಂದ ಮೇಲೆ ಹಿತ್ತಲಲ್ಲಿ ತಾಯಿಮಗನ ಪಿಸುಮಾತು. ರಾಚಮ್ಮ ಕಾಣಿಸಿದರೆ ಮೌನ. ಇವತ್ತು ಬೆಳಿಗ್ಗೆ ಮಾರಯ್ಯನ ಅಂಗೈಗೆ ಬಟ್ಟೆ ಸುತ್ತಿತ್ತು. ಗಾಜು ಕೊಯ್ದ ಗಾಯ.

ತಾಯಿ ಕೊಲೆಗಾರ ಮಗನನ್ನು ಕಾಯುತ್ತಿದ್ದಾಳೆ. ರಾಚಮ್ಮನಿಗೆ ಅನುಮಾನ ಉಳಿಯಲಿಲ್ಲ.

"ಯಾರು ಇಳೀತೀರಿ?" ಮರಿಮಲ್ಲಪ್ಪ ಕೇಳಿದ.

"ನನ್ಗೆ ಕೈನೋವು" ಎಂದ ಮಾರಯ್ಯ.

"ನಾನಿಳೀತೀನಿ."

ಎಲ್ಲರೂ ರಾಚಮ್ಮನತ್ತ ತಿರುಗಿದರು. ಗುರುಸಿದ್ದಮ್ಮ ಅವಳ ರಟ್ಟೆ ಹಿಡಿದಳು. "ಸತ್ತೋರ್ನ ನೀರಲ್ಲೇ ಬುಡು ಕಣಮ್ಮಿ."

"ಮೂಳೆ ಸಿಕ್ರೆ ಮಣ್ಣು ಮಾಡನ ಅತ್ತೆ. ಏನಾದ್ರು ಅಂತ ಗೊತ್ತಾದ್ರೆ ಸಾಕು ನನ್ಗೆ."

ಗುಂಪಿನಿಂದ ಒಂದು ದನಿ: "ಗಂಡನ್ ತಿಂದೋಳು ಮೊದ್ಲು ಕೂತ್ರೆ ಯಾಪಾರ ಉದ್ಧಾರ ಆದದಾ ಸಾವ್ಕಾರ್ರೇ?"

"ಕಬ್ಣಕ್ಕೆ ಮುತ್ತೈದೆ ಯಾರು, ಮುಂಡೆ ಯಾರು ಗೊತ್ತಾಗಾಕಿಲ್ಲ ಕಣಪ್ಪ" ಎಂದ ಮರಿಮಲ್ಲಪ್ಪ. "ಅದ್ಕೆ ತೂಕ ಒಂದೇ ಗೊತ್ತಾಗದು. ನೀನು ಕೂತ್ರೇನೇ ನನ್ಗೆ ಭಯ."

ನಗೆಯ ನಡುವೆ ಇಬ್ಬರೂ ದೋಣಿಯೊಳಗೆ ಇಳಿದರು, ಮುಚ್ಚಳ ಬಿತ್ತು.

ಒಳಗೆ ಎಣ್ಣೆ, ತುಕ್ಕಿನ ವಾಸನೆ. ಇದ್ದದ್ದು ಒಂದೇ ಕಿಟಕಿ. ಅದರ ಮುಂದೆ ರಾಚಮ್ಮ, ಹಿಂದೆ ಪಂಪಿನ ಬಳಿ ಮರಿಮಲ್ಲಪ್ಪ. ಹಸಿರು ನೀರು ಕಪ್ಪಾಗುತ್ತ ಬಂತು. ಬ್ಯಾಟರಿ ದೀಪದ ಬೆಳಕಿನಲ್ಲಿ ಗೋಡೆಗಳು, ಕರಿಗಟ್ಟಿದ ಬೇವಿನ ಬೊಡ್ಡೆ, ಅವಳು ಸೇರಕ್ಕಿ ಒದ್ದು ಒಳಗೆ ಬಂದ ಹೊಸ್ತಿಲು. ಆಮೇಲೆ ಗುಡಿ. ಬಾಗಿಲು ಕೊಳೆತು ಬಿದ್ದಿತ್ತು.

"ಇನ್ನೂ ಅತ್ರ" ಎಂದಳು.

ಮರಿಮಲ್ಲಪ್ಪ ದೋಣಿ ಮುಂದೂಡುವ ಹಿಡಿ ತಿರುಗಿಸಿದ. ಬೆಳಕು ಸೀದಾ ಗರ್ಭಗುಡಿಗೆ ಹೊಕ್ಕಿತು. ಅವಳು ನಾಲ್ಕೂ ಮೂಲೆ ನೋಡಿದಳು. ಮತ್ತೊಮ್ಮೆ ನೋಡಿದಳು. ಗಾಜಿನ ಮೇಲೆ ಅವಳ ಉಸಿರು ಮಂಜು ಕಟ್ಟಿತು.

"ಕಂಡ್ತಾ ತಾಯಿ?"

"ಕಂಡ್ತು. ಮ್ಯಾಕೆ ಓಗನ."

ದೋಣಿ ತೇಲಿದ್ದೇ ಏರಿಯ ಮೇಲೆ ಕೇಕೆ ಎದ್ದಿತು. ಬರುವ ಭಾನುವಾರ ಮೈಸೂರಿನಿಂದ ನಾಲ್ಕು ಜನ ಬರುತ್ತಾರೆಂದು ಮರಿಮಲ್ಲಪ್ಪ ಕೂಗಿ ಹೇಳಿದ. ರಾಚಮ್ಮ ನೇರ ಅತ್ತೆಯ ಮುಂದೆ ನಿಂತಳು.

"ಮೂಳೆ ಅದೆ ಅತ್ತೆ. ಮೂಲೇಲಿ, ಮುದುರ್ಕಂಡು."

ಮಾರಯ್ಯ ತಲೆಯೆತ್ತಿದ. ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಬೆರಗಿತ್ತು.

"ಸತ್ತೋರ್ಗೆ ಎಡೆ ಇಕ್ಕೋ ಮಾಳ್ವದ ಅಮಾಸೆ ಅತ್ರ ಬಂತು" ಎಂದಳು ರಾಚಮ್ಮ. "ಐದೊರ್ಸದಿಂದ ಹಸ್ಕಂಡವ್ರೆ. ಅವ್ರ ಎಸ್ರು ಏಳಿ ಎಡೆ ಇಕ್ಕನ. ಎತ್ತೋರು ನೀವು, ನಿಮ್ಮ ಕೈಯಾರ ಇಕ್ಬೇಕು."

ಗುರುಸಿದ್ದಮ್ಮ ಸೊಸೆಯ ಸೆರಗು ಹಿಡಿದು ಜಗ್ಗಿದಳು.

"ಬ್ಯಾಡ ಕಣಮ್ಮಿ. ನಿನ್ನ ದಮ್ಮಯ್ಯ. ಜೀವ ಇರೋನ್ಗೆ ಎಡೆ ಇಕ್ಬಾರ್ದು. ಅವನ ಆಯಸ್ಸು ಕಡ್ಮೆಯಾಯ್ತದೆ."

ಗುಡಿಯೊಳಗೆ ಮೂಳೆಯಾಗಲಿ, ಬೆಳ್ಳಿ ಮುಖವಾಡವಾಗಲಿ ಇರಲಿಲ್ಲ, ಬರೀ ಹೂಳಿತ್ತು ಎಂದು ರಾಚಮ್ಮ ಇನ್ನೂ ಯಾರಿಗೂ ಹೇಳಿರಲಿಲ್ಲ.