ಅಂಟು ಹಿಡಿಯದ ಗಿಟಾರ್

ಅಮ್ಮ ನನ್ನ ಗಿಟಾರನ್ನು ರಿಪೇರಿ ಅಂಗಡಿಯ ಮೇಜಿನ ಮೇಲೆ ಮಲಗಿಸಿದಳು. ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ ಮತ್ತೆ ಕಿತ್ತು ಬಂದಿತ್ತು. ಎರಡು ತಿಂಗಳಲ್ಲಿ ಇದು ಮೂರನೇ ಸಲ.

"ಎಂಥ ಅಂಟು ಹಾಕ್ತೀರಿ ಸ್ವಾಮಿ ನೀವು? ನಾಡಿದ್ದು ಗಂಡಿನ ಕಡೆಯವರು ಬರ್ತಿದ್ದಾರೆ. ಇದರಿಂದಾನೇ ಎರಡು ಸಲ ಮುಂದಕ್ಕೆ ಹಾಕಿದ್ದಾಯ್ತು."

"ಗಿಟಾರ್ ಇಲ್ದೇನೇ ಹುಡುಗೀನ ತೋರಿಸಬಹುದಲ್ವೇನಮ್ಮಾ?" ಎಂದರು ರಿಪೇರಿಯ ಮುದುಕರು.

"ಏನಂತ ತೋರಿಸ್ಲಿ? ನಾಲ್ಕು ಜನರ ಮುಂದೆ ಇವಳ ಬಾಯಿಂದ ಮುತ್ತು ಉದುರಲ್ಲ. ಇದನ್ನ ನುಡಿಸ್ತಾಳೆ ಅಂತಲೇ ಅವರು ಬರೋಕೆ ಒಪ್ಪಿರೋದು."

ನಾನು ಗೋಡೆಗೆ ತೂಗುಹಾಕಿದ್ದ ಪಿಟೀಲುಗಳನ್ನು ನೋಡುತ್ತಾ ನಿಂತಿದ್ದೆ. 'ನನಗೆ ಈ ಮದುವೆ ಬೇಡ' ಎಂಬ ಮಾತು ಡೈರಿಯಲ್ಲಿ ಎಷ್ಟೋ ಪುಟ ತುಂಬಿತ್ತು. ಒಮ್ಮೆಯೂ ಗಂಟಲು ದಾಟಿರಲಿಲ್ಲ.

ಮುದುಕರು ಕನ್ನಡಕ ಸರಿಮಾಡಿಕೊಂಡು, ಪಟ್ಟಿ ಕಿತ್ತು ಬಂದ ಜಾಗದ ಮೇಲೆ ಹೆಬ್ಬೆರಳಾಡಿಸಿದರು. ಬೆರಳು ಒಂದು ಗೀರಿನ ಬಳಿ ನಿಂತಿತು. ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ನಾನು ಮತ್ತೆ ಪಿಟೀಲುಗಳ ಕಡೆಗೆ ತಿರುಗಿದೆ.

"ತಪ್ಪು ನಂದೇ ಅಮ್ಮಾ," ಎಂದರು ಮುದುಕರು. "ಈ ಸಲ ಅಂಟು ಗಟ್ಟಿಯಾಗೋಕೆ ಮೂರು ವಾರ ಬೇಕು."

"ಮೂರು ವಾರಾನಾ! ಅಷ್ಟೊತ್ತಿಗೆ ಆಷಾಢ ಬಂದ್ಬಿಡುತ್ತಲ್ರೀ!" ಅಮ್ಮ ಗೊಣಗುತ್ತಾ, ಗಂಡಿನ ಕಡೆಯವರಿಗೆ ಸುದ್ದಿ ತಿಳಿಸಲು ಫೋನ್ ಹಿಡಿದು ಹೊರಗೆ ಹೋದಳು.

ಮುದುಕರು ಗಿಟಾರಿನ ಮೇಲೆ ಬಗ್ಗಿ ಮೆಲ್ಲಗೆ ಹೇಳಿದರು: "ಮುಂದಿನ ಸಲ ಚಾಕು ಬೇಡ ಮಗಳೇ, ಮರ ಸೀಳುತ್ತೆ. ಬಿಸಿ ಇಸ್ತ್ರಿಪೆಟ್ಟಿಗೆ ಒಂಚೂರು ಹೊತ್ತು ಇಡು, ಅಂಟು ತಾನಾಗೇ ಬಿಡುತ್ತೆ."